ತೋಪುಗಾರನ ಜೊತೆ ತೋಪು ನೋಡಿದ್ದು: ವಿಜಯಪುರ, ಕಲಬುರಗಿ, ಬೀದರ್

ಶುಕ್ರವಾರ, ವಿಜಯಪುರ

ನನ್ನ ಸೋದರಮಾವ ಸೇನೆಯ ತೋಪುಖಾನೆಯಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. 1999ರ ಬೇಸಿಗೆಯಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿಗೆ, ದ್ರಾಸ್‌ನಲ್ಲಿ ಬೋಫೋರ್ಸ್ ತೋಪಿಗೆ ಗುಂಡು ತುಂಬಿದವರು. ಬಾಗಲಕೋಟೆ ಜಿಲ್ಲೆಯಲ್ಲೇ ಹುಟ್ಟಿ ಬೆಳೆದರೂ ವಿಜಯಪುರದ ಮಲಿಕ್-ಎ-ಮೈದಾನ್ ಎಂಬ ಹಳೆಯ ದೊಡ್ಡ ತೋಪನ್ನು ಅವರು ನೋಡಿದ್ದು ಶಾಲಾ ಪ್ರವಾಸದಲ್ಲಿ ಮಾತ್ರ. ಜನವರಿಯಲ್ಲಿ ನನಗೆ ರಜೆ ಸಿಕ್ಕಿತು. ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಗೋಳಗುಮ್ಮಟ ಕೊನೆಗೆ ನೋಡೋಣ, ಮೊದಲು ತೋಪು ಎಂದು ಅವರು ದಾರಿಯಲ್ಲೇ ತೀರ್ಮಾನಿಸಿಬಿಟ್ಟಿದ್ದರು.

ಮಲಿಕ್-ಎ-ಮೈದಾನ್ ಇರುವುದು ಊರಿನ ಪಶ್ಚಿಮದ ಕೋಟೆಗೋಡೆಯಲ್ಲಿರುವ ಶೆರ್ಜಾ ಬುರುಜಿನ ಮೇಲೆ. ಬೆಳಿಗ್ಗೆ ಎಂಟರ ಹೊತ್ತಿಗೆ ಹೋದರೆ ನೆರಳು ಇರುತ್ತದೆ, ಜನ ಇರುವುದಿಲ್ಲ. ಮಾವ ಮೆಟ್ಟಿಲು ಹತ್ತಿ ತೋಪನ್ನು ಕಂಡವರೇ ಚಪ್ಪಲಿ ಕಳಚಿ ನಿಂತರು. ನಾನು ಏಕೆಂದು ಕೇಳಲಿಲ್ಲ, ಅವರೇ ಹೇಳಿದರು: "ಬೇರೆ ಪಲ್ಟನ್‌ಗಳಿಗೆ ಧ್ವಜ ಇರುತ್ತದೆ. ನಮಗೆ ತೋಪೇ ಧ್ವಜ. ಅದನ್ನು ಬಿಟ್ಟು ಹಿಂದೆ ಸರಿಯುವ ಹಾಗಿಲ್ಲ."

ತೋಪಿನ ಬಾಯಿಯ ಬಳಿ ಕುಳಿತು ನೋಡಿದರೆ ಎರಕದವನ ಕೈಚಳಕ ಗೊತ್ತಾಗುತ್ತದೆ. ಇಡೀ ಬಾಯಿಯೇ ತೆರೆದ ದವಡೆಯ ಸಿಂಹಮುಖ. ಕೋರೆಹಲ್ಲುಗಳ ನಡುವೆ ಅಂಗೈಯಷ್ಟು ಜಾಗದಲ್ಲಿ ಒಂದು ಆನೆ ಸಿಕ್ಕಿಬಿದ್ದಿದೆ. ಸೊಂಡಿಲು ಈ ಕಡೆ, ಕಾಲು ಆ ಕಡೆ. ಅದರ ಬೆನ್ನು ಎಷ್ಟೋ ತಲೆಮಾರಿನ ಕೈ ತಾಗಿ ನುಣುಪಾಗಿದೆ. ಕೊಳವೆಯ ಉದ್ದ 14 ಅಡಿಗೂ ಮಿಕ್ಕಿದೆ, ಬಾಯಿಯ ಒಳವ್ಯಾಸ 70 ಸೆಂಟಿಮೀಟರ್, ತೂಕ ಸುಮಾರು 55 ಟನ್. ಗಂಟೆ ಮಾಡುವ ಲೋಹ. ಬಿಸಿಲಿನಲ್ಲೂ ಇದು ತಣ್ಣಗಿರುತ್ತದೆ ಎಂದು ಮಾರ್ಗದರ್ಶಿಗಳು ಪವಾಡದಂತೆ ಹೇಳುವುದುಂಟು. ಮಾವ ಅಂಗೈ ಇಟ್ಟು ನೋಡಿ, 55 ಟನ್ ಲೋಹ ಕಾಯಬೇಕಾದರೆ ಸೂರ್ಯನಿಗೂ ಹೊತ್ತು ಬೇಕು ಎಂದರು. ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಾಗ ಮಾತ್ರ ಇಬ್ಬರೂ ಸುಮ್ಮನಾದೆವು. ಅಷ್ಟು ದಪ್ಪದ ಗೋಡೆಯೊಳಗಿಂದ ನಿಜವಾಗಿಯೂ ಗಂಟೆಯ ನಾದ ಬರುತ್ತದೆ.

ಇದು ವಿಜಯಪುರದಲ್ಲಿ ಹುಟ್ಟಿದ್ದಲ್ಲ. 1549ರಲ್ಲಿ ಅಹಮದ್‌ನಗರದ ಬುರ್ಹಾನ್ ನಿಜಾಮ್ ಶಾಹನಿಗಾಗಿ ಮಹಮ್ಮದ್ ರೂಮಿ ಎಂಬ ಎರಕದ ಕುಶಲಿ ಇದನ್ನು ಹೊಯ್ದ. ಅವನ ಹೆಸರು ತೋಪಿನ ಮೈಮೇಲೆಯೇ ಇದೆ. ದೊರೆಗಳ ಹೆಸರಿನ ಜೊತೆ ಕೆಲಸಗಾರನ ಹೆಸರೂ ಇರುವುದನ್ನು ಕಂಡು ಮಾವನಿಗೆ ಆದ ಸಂತೋಷ ಹೇಳತೀರದು. ಅದೇ ಮೈಮೇಲೆ, ವಿಜಯಪುರವನ್ನು ಗೆದ್ದ ಮೇಲೆ ಔರಂಗಜೇಬ್ ತನ್ನ ಶಾಸನವನ್ನೂ ಕೆತ್ತಿಸಿದ್ದಾನೆ. 1632ರಲ್ಲಿ ವಿಜಯಪುರವನ್ನು ಆಳುತ್ತಿದ್ದ ಆದಿಲ್ ಶಾಹಿಗಳ ಅಧಿಕಾರಿ ಮುರಾರಿ ಪಂಡಿತ ಇದನ್ನು ಪರಾಂಡಾ ಕೋಟೆಯಿಂದ ಇಲ್ಲಿಗೆ ತಂದ. 400 ಎತ್ತು, 10 ಆನೆ, ನೂರಾರು ಆಳು ಎಳೆದರೆಂದು ಪ್ರತೀತಿ. ಪರಾಂಡಾ ಇಲ್ಲಿಂದ 150 ಕಿಲೋಮೀಟರ್‌ಗೂ ದೂರ, ನಡುವೆ ಭೀಮೆ ಅಡ್ಡ ಹರಿಯುತ್ತಾಳೆ. ಕರಿಮಣ್ಣಿನ ಸೀಮೆಯಲ್ಲಿ ಒಂದು ಮಳೆ ಬಿದ್ದರೆ ಖಾಲಿ ಚಕ್ಕಡಿಯೇ ಹೂತುಹೋಗುತ್ತದೆ. ಆ ಎತ್ತುಗಳ ಹಗ್ಗ ಹಿಡಿದವರು ಯಾರು, ಎಲ್ಲಿ ಬೀಡುಬಿಟ್ಟರು, ಮೇವು ಎಲ್ಲಿಂದ ಬಂತು ಎಂದು ಮಾವ ಒಂದೇ ಸಮನೆ ಕೇಳುತ್ತಿದ್ದರು. ಸುಮಾರು 12 ಟನ್ ತೂಗುವ ಬೋಫೋರ್ಸ್‌ಗೆ ತನ್ನದೇ ಪುಟ್ಟ ಎಂಜಿನ್ ಇದೆ, ಗುಂಡು ಹಾರಿಸಿದ ಜಾಗದಿಂದ ತಾನೇ ಉರುಳಿಕೊಂಡು ಸರಿಯಬಲ್ಲದು. ಅದನ್ನು ಕೂಡ ಕಾರ್ಗಿಲ್‌ನ ದಾರಿಯಲ್ಲಿ ತಿರುವು ತಿರುವಿಗೂ ಜೀವ ಬಿಗಿಹಿಡಿದು ಮೇಲೇರಿಸಿದ್ದೆವು ಎಂದರು.

ಇಂಥ ತೋಪನ್ನು 1854ರಲ್ಲಿ ಬ್ರಿಟಿಷ್ ಆಡಳಿತ ಗುಜರಿ ಲೆಕ್ಕದಲ್ಲಿ ಹರಾಜಿಗಿಟ್ಟಿತ್ತು. ಕೂಗಿದ ಅತಿ ಹೆಚ್ಚಿನ ಬೆಲೆ 150 ರೂಪಾಯಿ! ಬೆಲೆ ತೀರಾ ಕಡಿಮೆ, ಮೇಲಾಗಿ ಜನರಿಗೆ ಇದರ ಮೇಲೆ ಭಕ್ತಿಯಿದೆ ಎಂಬ ವರದಿ ಮೇಲಕ್ಕೆ ಹೋದ ಮೇಲೆ ಮಾರಾಟ ರದ್ದಾಯಿತು. ಆ ವರದಿ ಬರೆದ ಕೈಗೆ ನಾನು ಮನಸ್ಸಿನಲ್ಲೇ ನಮಸ್ಕರಿಸಿದೆ.

ಅಲ್ಲಿಂದ ಉಪ್ಪಲಿ ಬುರುಜು ಹತ್ತಿರವೇ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಸುಮಾರು 80 ಅಡಿ ಎತ್ತರದ ಒಂಟಿ ಗೋಪುರ. ಹೊರಮೈಗೆ ಸುತ್ತಿಕೊಂಡು ಏರುವ ಕಲ್ಲಿನ ಮೆಟ್ಟಿಲುಗಳು ಎತ್ತರವಾಗಿವೆ, ಮೊಣಕಾಲು ನೋವಿರುವವರು ಅರ್ಧದಲ್ಲಿ ಒಮ್ಮೆ ಕುಳಿತು ಏರುವುದು ಒಳ್ಳೆಯದು. ಅರ್ಧದಲ್ಲೇ ನನ್ನ ಚಪ್ಪಲಿಯ ಪಟ್ಟಿ ಕಿತ್ತುಬಂತು, ಉಳಿದರ್ಧ ಬರಿಗಾಲಲ್ಲಿ ಹತ್ತಿದೆ. ಮೇಲೆ ಎರಡು ಕಬ್ಬಿಣದ ತೋಪುಗಳು. ದೊಡ್ಡದರ ಉದ್ದ 30 ಅಡಿ 8 ಅಂಗುಲ. ಸಿಂಹಮುಖ, ಬಳ್ಳಿ, ಅಲಂಕಾರ ಯಾವುದೂ ಇದಕ್ಕಿಲ್ಲ. ಮೈತುಂಬ ಒತ್ತಾಗಿ ಕೂಡಿಸಿದ ಬಳೆಗಳ ಸಾಲು, ಅಷ್ಟೇ.

ಅಲ್ಲಿ ಗಾಳಿಗೆ ಕುಳಿತಿದ್ದ ಹಿರಿಯರೊಬ್ಬರು ಮಾವನನ್ನು ಮಾತಿಗೆಳೆದರು. ಇಂಡಿ ಕಡೆಯವರು, ಕಂಬಾರರ ಮನೆತನ. ಮಗಳ ಮನೆಗೆ ಬಂದವರು ಮೊಮ್ಮಗನಿಗೆ ತೋಪು ತೋರಿಸಲು ಹತ್ತಿದ್ದರು. "ಇದನ್ನು ಹೊಯ್ದಿಲ್ಲ ಯಜಮಾನರೇ, ಬಡಿದಿದ್ದಾರೆ" ಎಂದು ಬಾಯಿಯ ಅಂಚಿನಲ್ಲಿ ಸವೆದ ಜಾಗವನ್ನು ತೋರಿಸಿದರು. ಉದ್ದುದ್ದ ಕಬ್ಬಿಣದ ಪಟ್ಟಿಗಳನ್ನು ಕೊಳವೆಯಾಕಾರದಲ್ಲಿ ಜೋಡಿಸಿ, ಮೇಲೆ ಕೆಂಪಗೆ ಕಾಯಿಸಿದ ಬಳೆಗಳನ್ನು ಒಂದರ ಪಕ್ಕ ಒಂದು ಏರಿಸುತ್ತಾ ಹೋಗಬೇಕು. ಆರಿದಂತೆ ಬಳೆ ಕುಗ್ಗಿ ಒಳಗಿನ ಪಟ್ಟಿಗಳನ್ನು ಬಿಗಿಹಿಡಿಯುತ್ತದೆ. "ನಾವು ಚಕ್ಕಡಿಯ ಗಾಲಿಗೆ ಹಳಿ ಏರಿಸುತ್ತಿದ್ದೆವಲ್ಲ, ಅದೇ ಕೆಲಸ. ಆದರೆ ಗಾಲಿಯ ಹಳಿ ಸಡಿಲವಾದರೆ ಗಾಲಿ ಹೋಗುತ್ತದೆ, ಇಲ್ಲಿ ಒಂದು ಬಳೆ ಸಡಿಲವಾದರೆ ಸುತ್ತ ನಿಂತವರೆಲ್ಲ ಹೋಗುತ್ತಾರೆ" ಎಂದರು. ಒಂದೊಂದು ಬಳೆಯ ಅಂಚನ್ನೂ ಉಗುರಿನಿಂದ ತಡವುತ್ತಾ ಅವರು ತೋಪಿನ ಉದ್ದಕ್ಕೂ ನಡೆದರು, ಹಿಂದೆಯೇ ಮಾವ. ಕೆಲವು ಕಡೆ ಸಂದು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಅಷ್ಟು ಬಿಗಿ.

ಮಾವನಿಗೆ ಇನ್ನೊಂದು ಚಿಂತೆ: ಗುಂಡು ಹಾರಿದಾಗ ತೋಪು ಹಿಂದಕ್ಕೆ ಒದೆಯುತ್ತದಲ್ಲ, ಆ ಹೊಡೆತ ಎಲ್ಲಿಗೆ ಹೋಗುತ್ತಿತ್ತು? ಈಗಿನ ತೋಪಿನಲ್ಲಿ ಕೊಳವೆ ತಾನೇ ಹಿಂದೆ ಸರಿದು ಎಣ್ಣೆ ಮತ್ತು ಗಾಳಿಯ ಒತ್ತಡದಿಂದ ಮತ್ತೆ ಜಾಗಕ್ಕೆ ಬರುತ್ತದೆ. ದಖ್ಖನಿನ ಕುಶಲಿಗಳು ಬೇರೆ ಉಪಾಯ ಹುಡುಕಿದರು. ಬುರುಜಿನ ನಡುವೆ ಕಲ್ಲಿನ ಕುಳಿ, ಅದರಲ್ಲಿ ತಿರುಗುವ ಕಬ್ಬಿಣದ ಕವಲು, ಕವಲಿನ ಮೇಲೆ ತೋಪು, ಹಿಂದೆ ಬಾಗಿದ ಗಟ್ಟಿ ಗೋಡೆ. ಕವಲಿನ ಮೇಲೆ ತೋಪನ್ನು ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಬಹುದು, ಒದೆತವನ್ನು ಹಿಂದಿನ ಗೋಡೆ ತಡೆಯುತ್ತದೆ. ಹದಿನಾರನೇ ಶತಮಾನದ ನಡುವಿನಿಂದ ಈ ಸೀಮೆಯ ಕೋಟೆಗಳಲ್ಲಿ ಈ ವ್ಯವಸ್ಥೆ ಹರಡಿತು. ಕೋಟೆಗಳಿಗೆ ಹೋಗುವವರು ತೋಪಿನ ಜೊತೆ ಅದರ ಕೆಳಗಿನ ಕುಳಿಯನ್ನೂ ಬೆನ್ನ ಹಿಂದಿನ ಗೋಡೆಯನ್ನೂ ನೋಡಬೇಕು. ತೋಪು ಹೋಗಿಬಿಟ್ಟ ಬುರುಜಿನಲ್ಲೂ ಅವು ಉಳಿದಿರುತ್ತವೆ.

ಚಪ್ಪಲಿ ಹೊಲಿಸಿ, ಮಧ್ಯಾಹ್ನ ಖಾನಾವಳಿಯಲ್ಲಿ ಊಟ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಕೆನೆ ಮೊಸರು, ಹಸಿ ಉಳ್ಳಾಗಡ್ಡಿ. ಮಾವ ರೊಟ್ಟಿ ಬೇಡ ಎನ್ನುವುದನ್ನು ಬಡಿಸುವವರು ಒಪ್ಪಲೇ ಇಲ್ಲ. ಸಂಜೆ ದಕ್ಷಿಣದ ಗೋಡೆಯ ಲಾಂಡಾ ಕಸಾಬ್ ತೋಪಿಗೆ ಟಾಂಗಾದಲ್ಲಿ ಹೋದೆವು. 21 ಅಡಿಗೂ ಹೆಚ್ಚು ಉದ್ದ, ಸುಮಾರು 47 ಟನ್ ಕಬ್ಬಿಣ. ಇದೂ ಬಡಿದು ಮಾಡಿದ್ದೇ. ಇಷ್ಟು ತೂಕವನ್ನು ಕುಲುಮೆಯಲ್ಲಿ ಹೊರಳಿಸಿದವರ ಒಂದು ಹೆಸರೂ ಉಳಿದಿಲ್ಲ. ಗೋಳಗುಮ್ಮಟಕ್ಕೆ ಹೋಗುವ ಹೊತ್ತಿಗೆ ಬಾಗಿಲು ಮುಚ್ಚಿತ್ತು. ಮಾವನಿಗೇನೂ ಬೇಸರವಾಗಲಿಲ್ಲ.

ಶನಿವಾರ, ಸಿಂದಗಿ ದಾರಿ ಮತ್ತು ಕಲಬುರಗಿ

ಬೆಳಗಿನ ಚಳಿಯಲ್ಲಿ ಹೊರಟೆವು. ಸಿಂದಗಿ, ಜೇವರ್ಗಿ ಮೂಲಕ ಕಲಬುರಗಿಗೆ ಹೋಗುವ ಈ ದಾರಿಯಲ್ಲಿ ಜನವರಿ ಎಂದರೆ ಕಬ್ಬಿನ ಕಾಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ರಸ್ತೆ ತುಂಬ ತೂಗಾಡುತ್ತಾ ಹೋಗುತ್ತವೆ, ಅವುಗಳನ್ನು ದಾಟಲು ಅವಸರ ಮಾಡಬಾರದು. ಎರಡೂ ಬದಿ ಹಾಲುಗಾಳಿನ ಬಿಳಿಜೋಳ, ನಡುನಡುವೆ ಕಡಲೆ, ಕೊಯ್ಲಾದ ತೊಗರಿಯ ಬಣವೆಗಳು.

ದಾರಿಯಲ್ಲಿ ನಾನು ಮಾವನಿಗೆ 1520ರ ರಾಯಚೂರು ಕಾಳಗದ ಕಥೆ ಹೇಳಿದೆ. ಅದು ನಡೆದ ಕೃಷ್ಣೆಯ ದಂಡೆ ನಮ್ಮ ದಾರಿಯಿಂದ ದಕ್ಷಿಣಕ್ಕಿದೆ. ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿಟ್ಟಂತೆ, ಆದಿಲ್ ಶಾಹನ ತೋಪುಗಳೆಲ್ಲ ಒಟ್ಟಿಗೇ ಸಿಡಿದಾಗ ವಿಜಯನಗರದ ಮುಂಚೂಣಿ ಚದುರಿತು. ಕೃಷ್ಣದೇವರಾಯ ಸೇನೆಯನ್ನು ಮತ್ತೆ ಕೂಡಿಸಿ ನುಗ್ಗಿದ, ಶತ್ರು ನದಿಯತ್ತ ಓಡಿದ. ಸಿಕ್ಕ ಕೊಳ್ಳೆಯಲ್ಲಿ 400 ದೊಡ್ಡ ತೋಪುಗಳಿದ್ದವು. ಮಾವ ತಟ್ಟನೆ ಹೇಳಿದರು: "ಎಲ್ಲವನ್ನೂ ಒಟ್ಟಿಗೇ ಹೊಡೆದರೆ ಎಲ್ಲವೂ ಒಟ್ಟಿಗೇ ಖಾಲಿ. ಕೊಳವೆ ಒರೆಸಿ, ಮದ್ದು ತುಂಬಿ, ಗುಂಡು ಇಳಿಸುವಷ್ಟರಲ್ಲಿ ಕುದುರೆ ಎದೆಯ ಮೇಲೆ ಬಂದಿರುತ್ತದೆ." ಬೋಫೋರ್ಸ್ 15 ಸೆಕೆಂಡಿನೊಳಗೆ ಮೂರು ಗುಂಡು ಹಾರಿಸಬಲ್ಲದು. ಒಂದೊಂದು ಗುಂಡಿನ ತೂಕ 40 ಕಿಲೋಗೂ ಹೆಚ್ಚು. ಎತ್ತಿ ಎತ್ತಿ ಹೆಗಲು ಊದಿಕೊಂಡರೂ ಆ ಲಯ ತಪ್ಪದಂತೆ ನೋಡಿಕೊಳ್ಳುವುದೇ ತೋಪುಗಾರನ ವಿದ್ಯೆ ಎಂದು ಅವರು ಎಷ್ಟೋ ಸಲ ಹೇಳಿದ್ದಾರೆ. ಅದರ ಅರ್ಥ ನನಗೆ ಆದದ್ದು ಈಗ.

ಸಿಂದಗಿ ದಾಟಿದ ಮೇಲೆ ಹಿಂದಿನ ಟೈರ್ ಪಂಕ್ಚರ್ ಆಯಿತು. ಜ್ಯಾಕ್ ಮೆತ್ತನೆಯ ಮಣ್ಣಿನಲ್ಲಿ ಇಳಿಯುತ್ತಿತ್ತು. ಪಕ್ಕದ ಹೊಲದವರು ಒಂದು ಹಲಗೆ ತಂದು ಕೆಳಗಿಟ್ಟರು, ಅವರ ಮಗ ಟೈರ್ ಬದಲಿಸಿದ. ಕೈ ತೊಳೆದುಕೊಳ್ಳುವಷ್ಟರಲ್ಲಿ ಹೊಲದಲ್ಲಿ ಸೀತನಿ ಸಿದ್ಧವಾಗಿತ್ತು. ಎಳೆಯ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ ಕಾಳು ಉದುರಿಸಿ, ಶೇಂಗಾ ಹಿಂಡಿ ಮತ್ತು ಬೆಲ್ಲದ ಜೊತೆ ಕೊಟ್ಟರು. ಈ ತಿಂಗಳು ಈ ಕಡೆ ಬಂದವರು ಸೀತನಿ ತಿನ್ನದೆ ಹೋಗಬಾರದು.

ಆ ಹುಡುಗ ಅಗ್ನಿವೀರ್ ಭರ್ತಿಗೆ ದಿನಾ ಮುಂಜಾನೆ ಓಡುತ್ತಿದ್ದಾನೆ. ಮಾವ ತೋಪುಖಾನೆಯವರೆಂದು ತಿಳಿದದ್ದೇ, "ಅಲ್ಲಿ ಗಣಿತ ಬೇಕಂತೆ, ಹೌದೇ ಅಜ್ಜಾ?" ಎಂದು ಕೇಳಿದ. ಮಾವ ಕಡ್ಡಿ ಹಿಡಿದು ಮಣ್ಣಿನಲ್ಲಿ ಬೆಟ್ಟ ಬರೆದರು. ತೋಪಿನ ಬಳಿ ನಿಂತವನಿಗೆ ಗುರಿ ಕಾಣುವುದಿಲ್ಲ. ಮುಂದೆ ಎತ್ತರದಲ್ಲಿ ಕುಳಿತ ವೀಕ್ಷಣಾ ಅಧಿಕಾರಿ ನೋಡಿ ರೇಡಿಯೋದಲ್ಲಿ ತಿದ್ದುಪಡಿ ಹೇಳುತ್ತಾನೆ: ಇಷ್ಟು ಎಡಕ್ಕೆ, ಇಷ್ಟು ಮುಂದಕ್ಕೆ. ಗಾಳಿಯ ವೇಗ, ಮದ್ದಿನ ಬಿಸಿ, ಕೊಳವೆಯ ಸವೆತ, ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ದ್ರಾಸ್‌ನಂಥ ಎತ್ತರದಲ್ಲಿ ಗಾಳಿ ತೆಳು, ಅದೇ ಮದ್ದಿಗೆ ಗುಂಡು ಇನ್ನೂ ದೂರ ಹೋಗುತ್ತದೆ, ಬಯಲುಸೀಮೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. "ಮೇಲೆ ನಮ್ಮ ಹುಡುಗರು ಬಂಡೆ ಹಿಡಿದು ಹತ್ತುತ್ತಿರುತ್ತಾರೆ. ಅವರ ತಲೆಯ ಮೇಲಿನಿಂದ ಗುಂಡು ಹೋಗಬೇಕು. ಲೆಕ್ಕ ತಪ್ಪಿದರೆ ಯಾರ ಮೇಲೆ ಬೀಳುತ್ತದೆ, ಯೋಚನೆ ಮಾಡು" ಎಂದರು. ಹುಡುಗ ಬೆಟ್ಟದ ಚಿತ್ರವನ್ನೇ ನೋಡುತ್ತಿದ್ದ. ಆ ಯುದ್ಧದಲ್ಲಿ ನಮ್ಮ ತೋಪುಖಾನೆ ಹಾರಿಸಿದ ಗುಂಡು ಮತ್ತು ರಾಕೆಟ್‌ಗಳು 2.5 ಲಕ್ಷಕ್ಕೂ ಹೆಚ್ಚು. ದ್ರಾಸ್‌ನ 5140 ಎಂಬ ಶಿಖರಕ್ಕೆ 2022ರಲ್ಲಿ ಗನ್ ಹಿಲ್ ಎಂದು ಹೆಸರಿಟ್ಟಾಗ ಮಾವ ಊರಿಗೆಲ್ಲ ಪೇಡೆ ಹಂಚಿದ್ದರು. ಬೋಫೋರ್ಸ್‌ನ ನಕ್ಷೆಗಳನ್ನೇ ಆಧರಿಸಿ ಜಬಲ್‌ಪುರದಲ್ಲಿ ತಯಾರಾಗುವ ಧನುಷ್, ಚಕ್ರಪಟ್ಟಿಯ ಮೇಲೆ ಓಡುವ ವಜ್ರ, ರಾಕೆಟ್ ಸುರಿಸುವ ಪಿನಾಕ, ಇವುಗಳ ಬಗ್ಗೆ ಹುಡುಗ ಮೊಬೈಲಿನಲ್ಲಿ ನೋಡಿ ತಿಳಿದಿದ್ದು ಮಾವನಿಗಿಂತ ಹೆಚ್ಚೇ ಇತ್ತು. ಇಬ್ಬರನ್ನೂ ಎಬ್ಬಿಸಿ ಹೊರಡಿಸುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು.

ಕಲಬುರಗಿ ಕೋಟೆಯನ್ನು ಮುಟ್ಟಿದ್ದು ಮೂರರ ಮೇಲೆ. ಬಹಮನಿಗಳ ಮೊದಲ ರಾಜಧಾನಿ ಇದು. 1367ರ ಜಾಮಿಯಾ ಮಸೀದಿಯ ತಂಪಿನಲ್ಲಿ ಸ್ವಲ್ಪ ಹೊತ್ತು ಕುಳಿತೆವು. ತೆರೆದ ಅಂಗಳವೇ ಇಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿದ ಇಂಥ ಮಸೀದಿ ಈ ಕಡೆ ಅಪರೂಪ. ಬಳಿಕ ಬಾರಾ ಗಜಿ ತೋಪಿನತ್ತ. 29 ಅಡಿ ಉದ್ದ, ಜಗತ್ತಿನಲ್ಲೇ ಅತಿ ಉದ್ದದ ತೋಪು ಎಂದು ಇಲ್ಲಿನವರು ಎದೆಯುಬ್ಬಿಸಿ ಹೇಳುತ್ತಾರೆ. ಲೆಕ್ಕಕ್ಕೆ ನಿಂತರೆ ನಿನ್ನೆಯ ಉಪ್ಪಲಿ ಬುರುಜಿನದೇ ಇದಕ್ಕಿಂತ ಉದ್ದ. ಈ ಪೈಪೋಟಿಯಿಂದ ನನಗೆ ಸಂತೋಷವಿಲ್ಲ, ಏಕೆಂದರೆ ಉದ್ದದ ಜಗಳದಲ್ಲಿ ಕೆಲಸದ ಮಾತೇ ಮರೆತುಹೋಗುತ್ತದೆ. ಇಲ್ಲಿನ ಬಳೆಗಳ ಸಾಲು ವಿಜಯಪುರದಷ್ಟೇ ಅಚ್ಚುಕಟ್ಟು. ಅದರ ಮೇಲೆ ಯಾರೋ ಮೊಳೆಯಿಂದ ತಮ್ಮ ಹೆಸರನ್ನೂ ಪ್ರೇಯಸಿಯ ಹೆಸರನ್ನೂ ಕೊರೆದಿದ್ದರು. ಮಾವ ಕರವಸ್ತ್ರ ಒದ್ದೆ ಮಾಡಿ ಉಜ್ಜಿ ನೋಡಿದರು. ಕೊರೆದದ್ದು ಉಜ್ಜಿದರೆ ಹೋಗುವುದಿಲ್ಲವಲ್ಲ. ನೂರಾರು ವರ್ಷದ ಮಳೆ ಬಿಸಿಲಿಗೆ ತಡೆದು ನಿಂತ ಕಬ್ಬಿಣಕ್ಕೆ ನಮ್ಮ ಕಾಲದವರು ಮಾಡಿದ ಈ ಗಾಯ ಕಂಡು ಹೊಟ್ಟೆ ಉರಿಯಿತು. ರಾತ್ರಿ ಕಲಬುರಗಿಯ ಬಿಸಿ ಮಾಲ್‌ಪುರಿ ಕೂಡ ಅಂದು ಮಾವನಿಗೆ ರುಚಿಸಲಿಲ್ಲ.

ಭಾನುವಾರ, ಬೀದರ್

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಂಡು, ಹುಮನಾಬಾದ್‌ನಲ್ಲಿ ಚಹಾ ಕುಡಿದು ಬೀದರ್ ಸೇರಿದೆವು. ಕರಿಮಣ್ಣು ಹೋಗಿ ಕೆಂಪು ಜಂಬಿಟ್ಟಿಗೆ ನೆಲ ಬರುವುದು ಕಣ್ಣಿಗೆ ಹಬ್ಬ. ಬೀದರ್ ಕೋಟೆಯ ಒಂದು ಬದಿಯಲ್ಲಿ ಕಂದಕವೇ ಮೂರು ಪದರ, ಬಂಡೆಯಲ್ಲೇ ಕೊರೆದದ್ದು. ಬುರುಜುಗಳು 37. ನಡೆದೇ ನೋಡುತ್ತೇವೆ ಎಂದರೆ ಇಡೀ ದಿನ ಬೇಕು, ಬಾಗಿಲಲ್ಲೇ ಆಟೋ ಮಾತಾಡಿಕೊಳ್ಳುವುದು ಲೇಸು. ರಂಗೀನ್ ಮಹಲಿಗೆ ಬೀಗ ಇರುತ್ತದೆ, ಸಿಬ್ಬಂದಿಯನ್ನು ಕೇಳಿಕೊಂಡರೆ ತೆರೆದು ತೋರಿಸುತ್ತಾರೆ. ಕರಿಗೋಡೆಯಲ್ಲಿ ಹೊಳೆಯುವ ಆ ಮುತ್ತುಚಿಪ್ಪಿನ ಕುಸುರಿಯನ್ನು ತಪ್ಪಿಸಿಕೊಳ್ಳಬಾರದು.

ಮೊದಲು ಹತ್ತಲು ಹೋದ ಬುರುಜಿನಿಂದ ಅರ್ಧದಲ್ಲೇ ಇಳಿಯಬೇಕಾಯಿತು. ಮೇಕೆ ಮೇಯಿಸುತ್ತಿದ್ದ ಹೆಂಗಸು ಕೆಳಗಿನಿಂದಲೇ ಕೈ ಬೀಸಿ, "ಅಕ್ಕಾ, ಮೇಲೆ ಹೆಜ್ಜೇನು ಇದೆ, ಸದ್ದು ಮಾಡದೆ ಬಂದುಬಿಡಿ" ಎಂದಳು. ನೋಡಿದರೆ ತಲೆಯ ಮೇಲಿನ ಕಮಾನಿನಲ್ಲಿ ತೊಟ್ಟಿಯಷ್ಟು ದೊಡ್ಡ ಹುಟ್ಟು. ಮಾವ ಒಂದು ಮಾತೂ ಆಡದೆ ನನ್ನ ತೋಳು ಹಿಡಿದು ಹಿಮ್ಮುಖವಾಗಿ ಇಳಿಸಿದರು. ಒಂದೆರಡು ಹುಳ ಕಿವಿಯ ಬಳಿ ಗುಂಯ್‌ಗುಟ್ಟಿ ಹೋದವು. ಕೆಳಗಿಳಿದು ಆ ಹೆಂಗಸಿಗೆ ಕಮಲಾಪುರದ ಹಣ್ಣು ಕೊಟ್ಟೆವು.

ಮುಂಡಾ ಬುರುಜಿನ ಮೇಲೆ ನಿಂತಾಗ ಕೋಟೆಯ ಹೊರಗಿನ ಬಯಲೆಲ್ಲ ಕಾಣುತ್ತದೆ. ಇಲ್ಲಿನ ತೋಪುಗಳೂ ಪಟ್ಟಿ ಮತ್ತು ಬಳೆಯಿಂದ ಬಡಿದು ಮಾಡಿದವೇ. ಬೀದರ್ ಆಳಿದ ಬರೀದ್ ಶಾಹಿಗಳ ಕಾಲದ ಕೆಲವು ತೋಪುಗಳ ಮೇಲೆ ಫಾರ್ಸಿ ಅಕ್ಷರಗಳನ್ನು ಎಷ್ಟು ಅಂದವಾಗಿ ಬರೆದಿದ್ದಾರೆಂದರೆ, ಯುದ್ಧದ ಆಯುಧ ಎಂಬುದೇ ಮರೆಯುತ್ತದೆ. ಆದರೆ ಬೀದರ್‌ನಲ್ಲಿ ಅದನ್ನು ಮರೆಯಲು ಬಿಡದ ಕಥೆಯೊಂದಿದೆ. 1657ರಲ್ಲಿ ಆಗಿನ್ನೂ ರಾಜಕುಮಾರನಾಗಿದ್ದ ಔರಂಗಜೇಬ್ ಈ ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಆದಿಲ್ ಶಾಹಿ ಕಿಲ್ಲೇದಾರ ಸಿದ್ದಿ ಮರ್ಜಾನ್. ಮೊಘಲರ ತೋಪುಗಳಿಗೆ ಗೋಡೆ ಬಿರಿಯಿತು. ಬಿರುಕಿನಲ್ಲಿ ಕಾದಾಡುತ್ತಿದ್ದಾಗ ಹೊರಗಿನಿಂದ ಬಂದ ಕಿಡಿಯೊಂದು ಬುರುಜಿನ ಹಿಂದೆ ಕೂಡಿಟ್ಟಿದ್ದ ಮದ್ದಿಗೆ ತಗುಲಿತು. ಮರ್ಜಾನ್ ತನ್ನ ಇಬ್ಬರು ಮಕ್ಕಳೊಂದಿಗೆ ತೀವ್ರವಾಗಿ ಸುಟ್ಟುಕೊಂಡ, ಆ ಗಾಯದಿಂದಲೇ ತೀರಿಕೊಂಡ. ಒಂದು ತಿಂಗಳು ತುಂಬುವ ಮೊದಲೇ ಕೋಟೆ ಬಿತ್ತು. ಗೆದ್ದವರಿಗೆ 230 ತೋಪುಗಳು ಸಿಕ್ಕವು. ಇಷ್ಟೆಲ್ಲ ತೋಪಿದ್ದೂ ಒಂದು ಕಿಡಿಗೆ ಎಲ್ಲ ಮುಗಿಯಿತು.

ಮಾವ ಬುರುಜಿನ ಹಿಂಬದಿಗೆ ಹೋಗಿ, ಮದ್ದು ಎಲ್ಲಿರಬೇಕಿತ್ತು, ಆಳುಗಳು ಯಾವ ಕಡೆಯಿಂದ ಹೊತ್ತು ತರುತ್ತಿದ್ದರು ಎಂದು ಹೆಜ್ಜೆ ಹಾಕಿ ಅಳೆದರು. ದ್ರಾಸ್‌ನಲ್ಲಿ ಎದುರಿನಿಂದ ಬಿದ್ದ ಗುಂಡು ತಮ್ಮ ಮದ್ದಿನ ರಾಶಿಯ ಹತ್ತಿರವೇ ಸಿಡಿದ ರಾತ್ರಿಯ ಬಗ್ಗೆ ಅವರು ಮಾತಾಡಿದ್ದನ್ನು ನಾನು ಮೊದಲ ಬಾರಿಗೆ ಕೇಳಿದ್ದು ಅಲ್ಲಿ. ಆ ರಾತ್ರಿ ಉಳಿಯದೆ ಹೋದ ಗೆಳೆಯನ ಹೆಸರನ್ನೂ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ಮಧ್ಯಾಹ್ನ ಪೇಟೆಯಲ್ಲಿ ಬಿದರಿ ಕೆಲಸದವರೊಬ್ಬರ ಅಂಗಡಿಯಲ್ಲಿ ಕುಳಿತೆವು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯೊಳಗಿನ ಹಳೆಯ ಮಣ್ಣಿನ ನೀರಿನಲ್ಲಿ ಕಾಯಿಸಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳಗುತ್ತದೆ. ಬಿಸಿಲು ಮಳೆ ಕಾಣದ ಮಣ್ಣೇ ಆಗಬೇಕು. ಅವರು ಚಿಟಿಕೆ ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ತೋರಿಸಿದರು. "ತೋಪು ಮಾಡಿದವರೂ ನಿಮ್ಮ ಹಾಗೆಯೇ ಲೋಹದ ರುಚಿ ಬಲ್ಲವರು" ಎಂದು ಮಾವ ಅವರ ಕೈ ಹಿಡಿದುಕೊಂಡರು.

ಮರಳುವ ದಾರಿಯಲ್ಲಿ ಮಾವ ಹಿಂದಿನ ಸೀಟಿನಲ್ಲಿ ಕುಳಿತು ನೋಟ್‌ಬುಕ್ಕಿನಲ್ಲಿ ಅರ್ಜಿ ಬರೆಯತೊಡಗಿದರು. ಯಾವ ಬುರುಜಿನ ತೋಪಿಗೆ ಹೆಸರಿನ ಫಲಕವಿಲ್ಲ, ಯಾವುದರ ಸುತ್ತ ಮುಳ್ಳುಕಂಟಿ ಬೆಳೆದಿದೆ, ಎಲ್ಲಿ ಮಳೆನೀರು ನಿಲ್ಲುತ್ತದೆ ಎಂಬುದನ್ನೆಲ್ಲ ಅವರು ಗುರುತು ಹಾಕಿಕೊಂಡಿದ್ದರು. ಫಲಕದಲ್ಲಿ ಉದ್ದ ತೂಕದ ಜೊತೆಗೆ ತಯಾರಿಸಿದ ಬಗೆಯನ್ನೂ ಕನ್ನಡದಲ್ಲಿ ಬರೆಯಬೇಕು, ಹೆಸರು ಗೊತ್ತಿದ್ದರೆ ಕುಶಲಿಯ ಹೆಸರು ಮೊದಲು ಬರಬೇಕು ಎಂಬುದು ಅವರ ಒತ್ತಾಯ. ಕಬ್ಬಿಣದ ತೋಪಿಗೆ ಮಳೆಗಾಲದ ಮುಂಚೆ ಯಾವ ಬಗೆಯ ರಕ್ಷಣೆ ಬೇಕೆಂದು ಬಲ್ಲವರನ್ನು ಕೇಳಿ ಸೇರಿಸೋಣ ಎಂದು ನಾನು ಹೇಳಿದೆ. ಜೇವರ್ಗಿ ಬರುವ ಹೊತ್ತಿಗೆ ಅರ್ಜಿ ನಾಲ್ಕನೇ ಪುಟಕ್ಕೆ ಹೋಗಿತ್ತು. ಕಳೆದ ವಾರ ಅದನ್ನು ಟೈಪ್ ಮಾಡಿಸಿ ಸಂಬಂಧಪಟ್ಟವರಿಗೆ ಅಂಚೆಯಲ್ಲಿ ಕಳುಹಿಸಿದ್ದೇವೆ. ಉತ್ತರ ಬರದಿದ್ದರೆ ತಾವೇ ಹೋಗಿ ಕೂರುತ್ತೇನೆ ಎಂದು ಮಾವ ಈಗಾಗಲೇ ಬಸ್ಸಿನ ವೇಳೆ ವಿಚಾರಿಸುತ್ತಿದ್ದಾರೆ.